ನನ್ನ ಕೈಯನ್ನೂ ಅಳೆಯಿರಿ

ಮಾನ್ಯ ಸಂಪಾದಕರೇ,

ವಿಕಲಚೇತನರ ಪ್ರಮಾಣಪತ್ರದ ಶಿಬಿರದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿ ಬರೆಯುತ್ತಿದ್ದೇನೆ. ನಾನು ದಾವಣಗೆರೆಯಲ್ಲಿ ಸೀರೆಗೆ ಕುಚ್ಚು ಕಟ್ಟುವವಳು. ಹನ್ನೊಂದು ವರ್ಷದಿಂದ ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಚಿಕ್ಕದಾಗಿ ಎಂಎಸ್ ಅನ್ನುತ್ತಾರೆ. ಮಿದುಳು, ಬೆನ್ನುಹುರಿಯಲ್ಲಿರುವ ನರಗಳ ಹೊದಿಕೆಯನ್ನು ನಮ್ಮ ದೇಹವೇ ಹಾಳು ಮಾಡುವ ಕಾಯಿಲೆ ಇದು.

ಕಳೆದ ಡಿಸೆಂಬರಿನಲ್ಲಿ ನಾನೂ ಪ್ರಮಾಣಪತ್ರಕ್ಕೆ ಹೋಗಿದ್ದೆ. ಬೆಳಗ್ಗೆ ಹತ್ತು ಗಂಟೆ. ತಣ್ಣಗಿತ್ತು, ರಾತ್ರಿ ನಿದ್ದೆಯೂ ಚೆನ್ನಾಗಿ ಆಗಿತ್ತು. ವೈದ್ಯರು ವರಾಂಡದಲ್ಲಿ ನಡೆಸಿ ನೋಡಿದರು. ನಡೆದೆ. "ಚೆನ್ನಾಗೇ ನಡೀತೀರಲ್ಲಮ್ಮಾ" ಅಂದರು. ನನ್ನ ವೈಕಲ್ಯ ಶೇಕಡಾ 40 ಮುಟ್ಟಲಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಎಂಎಸ್ ಹೆಸರೇನೋ ಇದೆ. ಆದರೆ ಮುಖ್ಯವಾದ ಸೌಲಭ್ಯಗಳಿಗೆಲ್ಲ ಆ 40 ಬೇಕೇ ಬೇಕು. ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆದರು. ನನ್ನ ಕೈ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಕುಚ್ಚು ಕಟ್ಟುವಾಗ ಸೆರಗಿನ ತುದಿಯ ಎಳೆಗಳನ್ನು ಒಂದೇ ಲೆಕ್ಕದಲ್ಲಿ ಬಿಡಿಸಿಕೊಳ್ಳಬೇಕು. ರೇಷ್ಮೆ ದಾರ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಕತ್ತರಿಯಲ್ಲಿ ಸಮ ಮಾಡಬೇಕು. ಮಣಿ ಕುಚ್ಚಾದರೆ ಸೂಜಿಯ ತುದಿಯಲ್ಲಿ ಒಂದೊಂದೇ ಮಣಿ ಎತ್ತಬೇಕು. ಮೊದಲು ಸಾದಾ ಕುಚ್ಚಿನ ಸೀರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಈಗ ಮೂರು ದಿನ. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ದಾರ ಸಿಕ್ಕಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಕಣ್ಣಲ್ಲಿ ನೋಡಿಯೇ ಖಚಿತ ಮಾಡಿಕೊಳ್ಳಬೇಕು. ಮಣಿ ಕುಚ್ಚು ಬಿಟ್ಟು ಎರಡು ವರ್ಷವಾಯಿತು. ದುಡ್ಡು ಇದ್ದದ್ದೇ ಅದರಲ್ಲಿ.

ಎಂಎಸ್ ಎಷ್ಟು ಮುಂದುವರಿದಿದೆ ಎಂದು ಅಳೆಯಲು ಜಗತ್ತಿನಲ್ಲೆಲ್ಲ ಜಾಸ್ತಿ ಬಳಸುವುದು ಇಡಿಎಸ್‌ಎಸ್ ಎಂಬ ಅಳತೆ. ಅಮೆರಿಕದ ನರರೋಗ ತಜ್ಞ ಜಾನ್ ಕರ್ಟ್ಜ್‌ಕೆ 1983ರಲ್ಲಿ ಕೊಟ್ಟದ್ದು. ಸೊನ್ನೆಯಿಂದ 10ರವರೆಗೆ ಅರ್ಧರ್ಧ ಅಂಕ ಏರುತ್ತದೆ. ಕಣ್ಣು, ಸಮತೋಲ, ಮೂತ್ರದ ಹಿಡಿತ ಎಲ್ಲವನ್ನೂ ಅದರಲ್ಲಿ ನೋಡುತ್ತಾರೆ ನಿಜ. ಆದರೆ 4 ದಾಟಿದ ಮೇಲೆ ಎಷ್ಟು ದೂರ ನಡೆಯುತ್ತೀರಿ ಅನ್ನುವುದೇ ಮುಖ್ಯವಾಗಿಬಿಡುತ್ತದೆ. 500 ಮೀಟರ್ ಆಸರೆಯಿಲ್ಲದೆ ನಡೆದರೆ 4. 100 ಮೀಟರಿಗೇ ಕೋಲು ಬೇಕಾದರೆ 6. ಈ 6ರಲ್ಲೇ ಎಷ್ಟೋ ಜನ ವರ್ಷಗಟ್ಟಲೆ ಇರುತ್ತಾರೆ. ಅಷ್ಟರಲ್ಲಿ ಕೈ ಸೋತಿರಬಹುದು, ನೆನಪು ಮಂದವಾಗಿರಬಹುದು. ಅಂಕ ಮಾತ್ರ ಅಲ್ಲೇ ಇರುತ್ತದೆ.

ಕೈಗೂ ಪರೀಕ್ಷೆ ಇದೆ. ಬೆಂಗಳೂರಿನಲ್ಲಿ ನನಗೆ ಮಾಡಿದ್ದರು. ಒಂಬತ್ತು ತೂತಿನ ಸಣ್ಣ ಹಲಗೆ, ಒಂಬತ್ತು ಕಡ್ಡಿ. ಒಂದೊಂದೇ ಕಡ್ಡಿ ಹಾಕಿ, ಮತ್ತೆ ಒಂದೊಂದೇ ತೆಗೆಯಬೇಕು. ಸೆಕೆಂಡ್ ಲೆಕ್ಕ ಹಾಕುತ್ತಾರೆ. ಮೊದಲಿಗಿಂತ ಶೇಕಡಾ 20ರಷ್ಟು ಹೆಚ್ಚು ಹೊತ್ತು ಹಿಡಿದರೆ ಅದನ್ನು ನಿಜವಾದ ಬದಲಾವಣೆ ಎಂದು ಸಂಶೋಧಕರು ಹಿಡಿಯುತ್ತಾರೆ. ಯೋಚನೆಯ ಚುರುಕಿಗೆ ಇನ್ನೊಂದು: ಚಿಹ್ನೆ ನೋಡಿ ಅದಕ್ಕೆ ಗೊತ್ತುಮಾಡಿದ ಅಂಕಿ ಹೇಳುವುದು, 90 ಸೆಕೆಂಡ್. ಇದಕ್ಕೆಲ್ಲ ದೊಡ್ಡ ಯಂತ್ರ ಬೇಡ. ಒಂದು ಹಲಗೆ, ಒಂದು ಹಾಳೆ, ಒಂದು ಗಡಿಯಾರ ಸಾಕು. ಜಿಲ್ಲಾ ಆಸ್ಪತ್ರೆಯಲ್ಲಿ ಇಡಲು ಆಗುವುದಿಲ್ಲವಾ?

ಇನ್ನು ಬಿಸಿಲು. ಮೈ ಸ್ವಲ್ಪ ಕಾದರೂ ಪೆಟ್ಟು ತಿಂದ ನರಗಳು ಸಂದೇಶ ಸಾಗಿಸಲು ಸೋಲುತ್ತವೆ. ದಾವಣಗೆರೆಯ ಏಪ್ರಿಲ್ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ಲ. ಮಧ್ಯಾಹ್ನ ಎರಡು ಗಂಟೆಗೆ ನಾನು ಗೋಡೆ ಹಿಡಿದು ಅಡುಗೆಮನೆಗೆ ಹೋಗುತ್ತೇನೆ. ಬಲಗಣ್ಣು ಮಂಜಾಗುತ್ತದೆ. ಡಿಸೆಂಬರಿನ ಒಂದು ಬೆಳಗ್ಗೆ ನೋಡಿದರೆ ಇದು ಕಾಣುವುದು ಹೇಗೆ?

ಮುಂದೆ ಹೇಗಾಗುತ್ತೇನೆ ಅಂತ ನನ್ನ ವೈದ್ಯರನ್ನು ಕೇಳಿದ್ದೆ. ಒಬ್ಬರ ವಿಷಯದಲ್ಲಿ ಹೀಗೇ ಅಂತ ಹೇಳಲು ಬರುವುದಿಲ್ಲ, ಆದರೆ ಕೆಲವು ಸೂಚನೆಗಳಿವೆ ಅಂದರು. ವಯಸ್ಸಾದ ಮೇಲೆ ಶುರುವಾಗುವುದು, ಮೊದಲ ಎರಡು ದಾಳಿಗಳ (ಕಾಯಿಲೆ ಇದ್ದಕ್ಕಿದ್ದಂತೆ ಜೋರಾಗುವುದು) ನಡುವೆ ಕಡಿಮೆ ಅಂತರ, ದಾಳಿಯ ನಂತರ ಪೂರ್ತಿ ಚೇತರಿಸಿಕೊಳ್ಳದಿರುವುದು, ಬೆನ್ನುಹುರಿಯಲ್ಲಿ ಕಲೆಗಳು (ಕಾಯಿಲೆ ಹಾಳು ಮಾಡಿದ ಜಾಗಗಳು), ಸಿಗರೇಟು. ಇವಿದ್ದರೆ ಅಪಾಯ ಜಾಸ್ತಿ. ನನಗೆ ಬೆನ್ನುಹುರಿಯಲ್ಲಿ ಕಲೆಗಳಿವೆ. ದಾಳಿ ಏನೂ ಆಗದಿದ್ದರೂ ಕಾಯಿಲೆ ಒಳಗೊಳಗೇ ಮುಂದುವರಿಯಬಹುದು ಅಂತಲೂ ಹೇಳಿದರು. ಆ ಮಾತು ನನ್ನನ್ನು ಹಿಡಿದುಕೊಂಡಿತು. ಐದು ವರ್ಷದಿಂದ ನನಗೆ ಒಂದೂ ದಾಳಿ ಆಗಿಲ್ಲ. ಮಣಿ ಕುಚ್ಚು ಕೈಬಿಟ್ಟದ್ದು ಆ ಐದು ವರ್ಷದಲ್ಲೇ.

ಹೀಗೆ ನಿಧಾನವಾಗಿ ಜಾರುವುದನ್ನು ಹಿಡಿಯಬೇಕಾದರೆ ವರ್ಷ ವರ್ಷವೂ ಅದೇ ಪರೀಕ್ಷೆ ಮಾಡಿ ಬರೆದಿಡಬೇಕು. ಕಾಲು, ಕೈ, ಕಣ್ಣು, ಯೋಚನೆ, ಸುಸ್ತು ಎಲ್ಲವೂ ಅದರಲ್ಲಿರಬೇಕು. ಪ್ರಮಾಣಪತ್ರ ಕೊಡುವವರು ಆ ದಾಖಲೆ ನೋಡಿ ತೀರ್ಮಾನಿಸಲಿ. ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟೇ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಗಿರಾಕಿಗಳ ಲೆಕ್ಕಕ್ಕೆ ಇಟ್ಟದ್ದು. ಸೀರೆ ಬಂದ ದಿನ, ಕೊಟ್ಟ ದಿನ, ಎಷ್ಟು ಕುಚ್ಚು ಎಲ್ಲ ಹನ್ನೊಂದು ವರ್ಷದಿಂದ ಅದರಲ್ಲಿದೆ. ಮುಂದಿನ ತಿಂಗಳು ಅದನ್ನು ಹಿಡಿದುಕೊಂಡು ಮತ್ತೆ ಹೋಗುತ್ತಿದ್ದೇನೆ. ಸಾಧ್ಯವಾದರೆ ಮಧ್ಯಾಹ್ನ ಎರಡು ಗಂಟೆಗೆ ಕರೆಯಿರಿ ಎಂದು ಅರ್ಜಿಯಲ್ಲಿ ಬರೆದಿದ್ದೇನೆ.

– ಓದುಗಿ, ದಾವಣಗೆರೆ