50 ನಿಮಿಷದ ಹಾರಾಟಕ್ಕೆ ಹತ್ತೂವರೆ ತಾಸು

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಮೊಬೈಲಿನಲ್ಲಿ ಕೇಳಿದರೆ ಉತ್ತರ ತಯಾರಿರುತ್ತದೆ: ದೂರ ಸುಮಾರು 265 ಕಿ.ಮೀ., ಹಾರಾಟ 50 ನಿಮಿಷ. ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಕಳೆದ ತಿಂಗಳು ಅವಳನ್ನು ನೋಡಲು ಹೊರಟಾಗ ನಾನೂ ಇದನ್ನೇ ನಂಬಿದ್ದೆ. ಟಿಕೆಟ್ ತೆಗೆಯಲು ಕೂತಾಗ ನೋಡಿದರೆ, ಅವತ್ತು ನೇರ ವಿಮಾನವೇ ಇರಲಿಲ್ಲ. ಇಲ್ಲದ ವಿಮಾನಕ್ಕೂ ಸಮಯ ಹೇಳುತ್ತಾರಲ್ಲ!

ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಬಿಡಿಸಿ ಹೇಳಿದ. ಆ ಲೆಕ್ಕಕ್ಕೆ ವಿಮಾನ ಬೇಕಾಗಿಯೇ ಇಲ್ಲವಂತೆ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ನಡುವೆ ಗೆರೆ ಎಳೆಯುವುದು. ಆ ದೂರವನ್ನು ಜೆಟ್ ವಿಮಾನದ ವೇಗದಿಂದ, ಅಂದರೆ ತಾಸಿಗೆ 800 ಕಿ.ಮೀ. ಆಸುಪಾಸು, ಭಾಗಿಸುವುದು. ಏರಲು, ಇಳಿಯಲು ಅಂತ ಅರ್ಧ ತಾಸು ಸೇರಿಸುವುದು. ಮುಗಿಯಿತು. ಆದರೆ ಇಂಥ ಹತ್ತಿರದ ಊರುಗಳ ನಡುವೆ ಹೆಚ್ಚಾಗಿ ಓಡುವುದು ರೆಕ್ಕೆಯ ಮೇಲೆ ಫ್ಯಾನ್ ತಿರುಗುವ ಎಟಿಆರ್. ಅದರ ವೇಗ 500 ಕಿ.ಮೀ. ಆಸುಪಾಸು. ಟಿಕೆಟ್ಟಿನಲ್ಲಿರುವ ಸಮಯದಲ್ಲಿ ರನ್‌ವೇ ತನಕ ಹೋಗುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರುವುದು ಎಲ್ಲ ಸೇರಿರುತ್ತದೆ. ನೇರ ವಿಮಾನ ಇದ್ದರೂ ಒಂದು ತಾಸು ಅಂತಲೇ ಹಿಡಿಯಬೇಕು.

ಒಂದು ತಾಸಾದರೂ ಸರಿ, ಸಿಗಬೇಕಲ್ಲ! ನಾನು ಹೋಗಿದ್ದು ಬೆಂಗಳೂರಿನ ಮೇಲೆ. ಹುಬ್ಬಳ್ಳಿಯಿಂದ ದೇವನಹಳ್ಳಿಗೆ ಆಕಾಶದಲ್ಲಿ 370 ಕಿ.ಮೀ., ಅಲ್ಲಿಂದ ಮಂಗಳೂರಿಗೆ ಮತ್ತೆ 305. ಒಟ್ಟು 675. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅಂತ ಗಾದೆ ಇದೆ. ನಾನು ಕೊಂಕಣದ ಪಕ್ಕದಿಂದಲೇ ಹೊರಟು ಬಯಲುಸೀಮೆ ಸುತ್ತಿ ಮತ್ತೆ ಕರಾವಳಿಗೆ ಇಳಿದೆ. ನಡುವೆ ಬೆಂಗಳೂರಿನಲ್ಲಿ ಐದು ತಾಸು ಕಾಯುವುದು. ಮಗಳಿಗೆ ಅಂತ ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲಿ ಅರ್ಧ ಅಲ್ಲೇ ಖಾಲಿಯಾಯಿತು. ಬೆಳಗ್ಗೆ ಹತ್ತಕ್ಕೆ ಮನೆ ಬಿಟ್ಟವನು ಹಾಸ್ಟೆಲ್ ಬಾಗಿಲಿಗೆ ಮುಟ್ಟಿದ್ದು ರಾತ್ರಿ ಎಂಟೂವರೆಗೆ. ಹಿಂದಿನ ರಾತ್ರಿ ಒಂಬತ್ತರ ಬಸ್ಸು ಹತ್ತಿದ್ದ ನಮ್ಮ ಓಣಿಯ ಹುಡುಗ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಭಟ್ಕಳ ದಾಟಿ ಬೆಳಗ್ಗೆ ಆರಕ್ಕೇ ಮುಟ್ಟಿದ್ದ. ನಾನಿನ್ನೂ ಹುಬ್ಬಳ್ಳಿಯಲ್ಲಿ ಸ್ನಾನ ಮಾಡುವಾಗ ಅವನು ಅಲ್ಲಿ ಗೋಳಿಬಜೆ ತಿನ್ನುತ್ತಿದ್ದ!

ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಬಿಡಿ, ಅದು ದಶಕಗಳಿಂದ ಕಾಡಿನ ತಕರಾರಿನಲ್ಲಿ ಸಿಕ್ಕಿಕೊಂಡಿದೆ. ವಿಮಾನ ಹಾಗಲ್ಲ. ಈ ಎರಡು ಊರುಗಳ ನಡುವೆ ಹಿಂದೆ ನೇರ ವಿಮಾನ ಹಾರಿದ್ದುಂಟು. ನಿಲ್ದಾಣಗಳೂ ಇವೆ, ಓದಲು, ಆಸ್ಪತ್ರೆಗೆ, ವ್ಯಾಪಾರಕ್ಕೆ ಅಂತ ಹೋಗಿ ಬರುವ ಜನವೂ ಇದ್ದಾರೆ. ಸಣ್ಣ ಊರುಗಳಿಗೆಂದೇ ಉಡಾನ್ ಯೋಜನೆ ಬಂತು. ಆದರೆ ಅದರಲ್ಲಿ ಒಂದು ಮಾರ್ಗಕ್ಕೆ ಸರ್ಕಾರದ ಸಹಾಯಧನ ಸಿಗುವುದು ಮೂರೇ ವರ್ಷ. ಆಮೇಲೆ ಸೀಟು ತುಂಬದಿದ್ದರೆ ಕಂಪನಿಯವರು ಯಾಕೆ ಓಡಿಸುತ್ತಾರೆ? ಅವರದೂ ತಪ್ಪಲ್ಲ.

ಅದಕ್ಕೇ ನಾನು ದಿನಾ ಒಂದು ವಿಮಾನ ಕೇಳುತ್ತಿಲ್ಲ. ಶುಕ್ರವಾರ, ಭಾನುವಾರ, ಬುಧವಾರ, ವಾರಕ್ಕೆ ಮೂರು ದಿನ ಒಂದು ಎಟಿಆರ್ ಸಾಕು. ಖಾಲಿ ಸೀಟಿನ ಹೊರೆಯಲ್ಲಿ ಒಂದು ಪಾಲನ್ನು ರಾಜ್ಯ ಸರ್ಕಾರ ಹೊರಲಿ. ನಮ್ಮ ಭಾಗದ ಸಂಸದರು, ಶಾಸಕರು ಒಮ್ಮೆ ಬೆಂಗಳೂರಿನ ಮೇಲೆ ಮಂಗಳೂರಿಗೆ ಹೋಗಿ ನೋಡಲಿ, ರೊಟ್ಟಿ ಕಟ್ಟಿಕೊಂಡೇ ಹೋಗಲಿ.

ಮಗಳ ಪರೀಕ್ಷೆ ಮುಗಿಯುತ್ತ ಬಂತು, ಕರೆತರಬೇಕು. ಸದ್ಯಕ್ಕೆ ಸ್ಲೀಪರ್ ಬಸ್ಸಿನಲ್ಲಿ ಕೆಳಗಿನ ಬರ್ತ್ ಬುಕ್ ಮಾಡಿದ್ದೇನೆ.

— ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ