ಬಿಇ ಮುಗಿಯಿತು, ಒಂದಿಷ್ಟು ಜನಕ್ಕೆ ಥ್ಯಾಂಕ್ಸ್ ಹೇಳಬೇಕು

ಹೋದ ವಾರ ಕೊನೆಯ ಸೆಮಿಸ್ಟರ್ ರಿಸಲ್ಟ್ ಬಂತು. ಪಾಸಾಗಿದ್ದೇನೆ. ಸಿವಿಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಸೈಟುಗಳಲ್ಲಿ ಸೂಪರ್‌ವೈಸರ್ ಆಗಿ ದುಡಿದು, ಮಗಳು ಹುಟ್ಟಿದ ಮೇಲೆ ಸಂಜೆ ಕಾಲೇಜಿಗೆ ಸೇರಿದವಳು ನಾನು. "ಸೈಟ್ ಕೆಲಸ ಹೇಗೂ ಬರುತ್ತಲ್ಲ, ಈಗ ಮತ್ತೆ ಓದೋದು ಯಾಕೆ?" ಅಂತ ಕೇಳಿದವರೇ ಜಾಸ್ತಿ. ಅವರಿಗೂ ಇದರಲ್ಲಿ ಉತ್ತರ ಸಿಗಬಹುದು.

ಮೊದಲು ನಮ್ಮತ್ತೆ. ಸಂಜೆ ಹೊತ್ತು ಮಗುವಿಗೆ ಊಟ, ನಿದ್ದೆ ಎಲ್ಲ ಅವರದೇ. "ನೀ ಹೋಗಮ್ಮ, ಕ್ಲಾಸಿಗೆ ಲೇಟಾಗುತ್ತೆ" ಅಂತ ಟಿಫನ್ ಡಬ್ಬಿ ಕೈಗಿಟ್ಟು ಕಳಿಸುತ್ತಿದ್ದರು. ಅವರ ಬಗ್ಗೆ ಬರೆಯಲು ಹೊರಟರೆ ಬೇರೆ ಯಾರಿಗೂ ಜಾಗ ಉಳಿಯಲ್ಲ. ಅದಕ್ಕೆ ಇಷ್ಟಕ್ಕೇ ನಿಲ್ಲಿಸುತ್ತೇನೆ. ಅತ್ತೆ, ಡಿಗ್ರಿ ಸರ್ಟಿಫಿಕೇಟ್ ಬಂದ ದಿನ ಫೋಟೋದಲ್ಲಿ ನೀವೂ ಇರಬೇಕು, ಆಗಲ್ಲ ಅನ್ನಬೇಡಿ.

ಆಮೇಲೆ ನಮ್ಮ ಮೇಸ್ತ್ರಿ. ನಾನು ಹೊಸದಾಗಿ ಸೈಟಿಗೆ ಬಂದಾಗ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮೇಡಂ, ಛಜ್ಜದ ಕಂಬಿ ಮೇಲೇ ಇರಬೇಕು. ಕಂಬಿ ಕೆಳಗೆ ಹೋದ್ರೆ ಛಜ್ಜಾನೂ ಕೆಳಗೆ ಬರುತ್ತೆ." ಕಾಂಕ್ರೀಟ್ ಹಾಕುವ ದಿನ ಛಜ್ಜದ ಹತ್ತಿರ ನಿಂತು, ಕಂಬಿ ತುಳಿಯುವವರನ್ನೆಲ್ಲ ಬೈಯುತ್ತಿದ್ದರು. ಯಾಕೆ ಅಂತ ಕೇಳಿದರೆ "ನಮ್ಮ ಗುರುಗಳು ಹಾಗೆ ಹೇಳಿಕೊಟ್ಟಿದ್ದು" ಅನ್ನುತ್ತಿದ್ದರು. ಡಿಪ್ಲೊಮಾದಲ್ಲಿ ನಾನೂ ಅದನ್ನು ಓದಿದ್ದೆ, ಆದರೆ ಪರೀಕ್ಷೆಗೆ ಮಾತ್ರ.

ಬಿಇಯಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ತೆಗೆದುಕೊಂಡ ಸರ್ ಬೋರ್ಡಿನ ಮೇಲೆ ಒಂದು ಕ್ಯಾಂಟಿಲಿವರ್ ಬರೆದರು, ಅಂದರೆ ಛಜ್ಜದ ಹಾಗೆ ಒಂದೇ ಕಡೆ ಹಿಡಿತ ಇದ್ದು ಇನ್ನೊಂದು ತುದಿ ಗಾಳಿಯಲ್ಲಿರುವ ತೊಲೆ. ತುದಿಯ ಮೇಲೆ ಭಾರ ಬಿದ್ದರೆ ಅದು ಕೆಳಗೆ ಬಾಗುತ್ತದೆ. ಆಗ ಮೇಲಿನ ಮೈ ಎಳೆತಕ್ಕೆ ಸಿಗುತ್ತದೆ, ಕೆಳಗಿನ ಮೈ ಅದುಮಿಕೊಳ್ಳುತ್ತದೆ. ಕಾಂಕ್ರೀಟ್ ಅದುಮಿದರೆ ಗಟ್ಟಿ, ಎಳೆದರೆ ತೀರಾ ದುರ್ಬಲ. ಎಳೆತದಲ್ಲಿ ಅದರ ಶಕ್ತಿ ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಹಾಗಾಗಿ ಎಳೆತ ಇರುವ ಕಡೆ ಕಬ್ಬಿಣ ಇರಲೇಬೇಕು. ಎರಡೂ ಕಡೆ ಗೋಡೆ ಮೇಲೆ ಕೂತ ಸ್ಲ್ಯಾಬಿನಲ್ಲಿ ಎಳೆತ ಅಡಿಗೆ ಬರುತ್ತದೆ, ಛಜ್ಜ ಮತ್ತು ಬಾಲ್ಕನಿಯಲ್ಲಿ ಮೇಲಕ್ಕೆ. ಮೇಸ್ತ್ರಿ ಬೈಗುಳದ ಅರ್ಥ ಅವತ್ತು ಪೂರ್ತಿ ಆಯಿತು. ಥ್ಯಾಂಕ್ಸ್ ಸರ್. ಸೈಟಿನಿಂದ ಮಣ್ಣು ಮೆತ್ತಿದ ಶೂನಲ್ಲೇ ಬಂದು ತೂಕಡಿಸುತ್ತಿದ್ದ ನಮ್ಮಂಥವರಿಗೆ, ತೊಲೆ ಎಲ್ಲಿ ಎಷ್ಟು ಬಾಗುತ್ತದೆ ಅಂತ ತೋರಿಸುವ ಒಂದೇ ಬೆಂಡಿಂಗ್ ಮೊಮೆಂಟ್ ಚಿತ್ರವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಬರೆದಿರಿ.

ಹಾಗಂತ ಮೇಸ್ತ್ರಿ ಹೇಳಿದ್ದೆಲ್ಲ ಸರಿ ಅಂತಲ್ಲ! ಕಾಂಕ್ರೀಟ್ ಕಲಸುವ ನೀರಿನ ವಿಷಯದಲ್ಲಿ ನಮ್ಮಿಬ್ಬರಿಗೂ ಇವತ್ತಿಗೂ ಜಗಳ. "ಸ್ವಲ್ಪ ನೀರು ಬಿಡಿ, ಮಾಲು ಓಡಲಿ" ಅಂತ ಅವರು, ಬೇಡ ಅಂತ ನಾನು. 50 ಕೆಜಿ ಸಿಮೆಂಟ್ ಮೂಟೆಗೆ 25 ಲೀಟರ್ ನೀರು ಹಾಕಿದರೆ ನೀರು-ಸಿಮೆಂಟ್ ಅನುಪಾತ 0.5. ಸಿಮೆಂಟಿಗೆ ನಿಜವಾಗಿ ಬೇಕಾದದ್ದು ಅದಕ್ಕಿಂತ ಕಡಿಮೆ. ಮಿಕ್ಕಿದ್ದು ಮಾಲು ಓಡಾಡಲಿ ಅಂತ ಹಾಕುವ ನೀರು. ಅದು ಆಮೇಲೆ ಆರಿಹೋಗಿ, ಇದ್ದ ಜಾಗದಲ್ಲಿ ಸಣ್ಣ ಸಣ್ಣ ತೂತು ಬಿಡುತ್ತದೆ. ಕಾಂಕ್ರೀಟಿನ ಶಕ್ತಿ ಇಳಿಯುವುದು ಅಲ್ಲೇ.

ಇದನ್ನು ಕಣ್ಣಾರೆ ತೋರಿಸಿದ್ದು ಲ್ಯಾಬ್ ಅಸಿಸ್ಟೆಂಟ್ ಅಣ್ಣ. 150 ಮಿಲಿಮೀಟರ್ ಅಳತೆಯ ಕ್ಯೂಬುಗಳನ್ನು 28 ದಿನ ನೀರಲ್ಲಿಟ್ಟು ಮಷಿನ್ನಿಗೆ ಕೊಟ್ಟರು. ಎಂ25 ದರ್ಜೆಯ ಕಾಂಕ್ರೀಟ್ ಅಂದರೆ ಅಷ್ಟು ಪುಟ್ಟ ಕ್ಯೂಬು ಸುಮಾರು 57 ಟನ್ ಭಾರ ತಡೆಯಬೇಕು. ನೀರು ಜಾಸ್ತಿ ಹಾಕಿದ ಕ್ಯೂಬು ಅದರ ಹತ್ತಿರಕ್ಕೂ ಹೋಗಲಿಲ್ಲ, ಮೊದಲೇ ಬಿರುಕು ಬಿಟ್ಟಿತು. ಅದರ ವಿಡಿಯೋ ಮೇಸ್ತ್ರಿಗೆ ತೋರಿಸಿದೆ. "ಮಷಿನ್ ಸರಿಯಿಲ್ಲ" ಅಂದರು. ಆದರೆ ಈಗ ಮಿಕ್ಸರ್ ಹತ್ತಿರ ಅಳತೆಯ ಬಕೆಟ್ ಇಟ್ಟಿದ್ದಾರೆ. ನನಗೆ ಅಷ್ಟು ಸಾಕು.

ಮಣ್ಣು, ಅಡಿಪಾಯದ ಪಾಠ ಮಾಡಿದ ಜಿಯೋಟೆಕ್ ಮೇಡಂಗೆ ನನಗಿಂತ ನಮ್ಮಪ್ಪ ಥ್ಯಾಂಕ್ಸ್ ಹೇಳಬೇಕು. ನಮ್ಮೂರು ಗದಗ ಕಡೆ, ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಬೇಸಿಗೆ ಬಂದರೆ ಮನೆ ಗೋಡೆ ಬಿರುಕು ಬಿಡುವುದು ನಮಗೆ ಹೊಸದೇನಲ್ಲ. "ಎರಿ ಮಣ್ಣಂದ್ರ ಹಂಗ ಬಾರವ್ವಾ" ಅಂತ ಅಪ್ಪ ಪ್ರತಿ ವರ್ಷ ಬಿರುಕಿಗೆ ಸಿಮೆಂಟ್ ಮೆತ್ತುತ್ತಿದ್ದರು. ಆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನುವ ಖನಿಜ ನೀರು ಕುಡಿದು ಊದುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆಗಾಲ ಬೇಸಿಗೆ ಅಂತ ಹೀಗೆ ಏರಿಳಿಯುವುದು ಮೇಲಿನ ಕೆಲವು ಮೀಟರ್ ಮಣ್ಣು ಮಾತ್ರ. ಅಡಿಪಾಯ ಅದನ್ನು ದಾಟಿ ಕೆಳಗೆ ಇಳಿದರೆ ತೊಂದರೆ ಇಲ್ಲ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ಅಂಡರ್ ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಸುವ ಬುಡ ಅಗಲವಾದ ಕಾಂಕ್ರೀಟ್ ಕಂಬ, ರೂಪಿಸಿದ್ದಾರೆ. ಇದನ್ನೆಲ್ಲ ಹೇಳಿದಾಗ ಅಪ್ಪ ಒಂದೇ ಮಾತು ಕೇಳಿದರು: "ಇದನ್ನ ಮನಿ ಕಟ್ಟೋ ಮುಂದ ಯಾಕ ಹೇಳಲಿಲ್ಲ?" ಅಪ್ಪಾ, ಆಗ ನಾನು ಇನ್ನೂ ಹುಟ್ಟಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಲಿತದ್ದು ಸರ್ವೆ ಕ್ಯಾಂಪಿನಲ್ಲಿ. ಹೊಸ ಕೆರೆ, ಹಳೇ ಕೆರೆ, ರಸ್ತೆ, ಊರಿಗೆ ಕುಡಿಯುವ ನೀರು, ಹೀಗೆ ಒಂದೊಂದು ಕೆಲಸಕ್ಕೂ ಅಳತೆ ತೆಗೆದು ಡಿಸೈನ್ ಮಾಡಬೇಕು. ನಾವು ಹೋದದ್ದು ತುಮಕೂರು ಕಡೆಯ ಒಂದು ಹಳ್ಳಿಗೆ. ಹಳೇ ಕೆರೆಯ ಏರಿ ಉದ್ದಕ್ಕೂ ಲೆವೆಲ್ ತೆಗೆಯುತ್ತಿದ್ದಾಗ ಊರಿನ ನೀರುಗಂಟಿ ಅಜ್ಜ ಜೊತೆಗೆ ನಡೆದು ಬಂದರು. ಯಾವ ತೂಬು ಸೋರುತ್ತೆ, ಏರಿ ಎಲ್ಲಿ ಕುಸಿದಿದೆ, ಎಲ್ಲ ಬಾಯಲ್ಲೇ ಇತ್ತು. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿ ಹತ್ತಿರ ಬಂದಾಗ ಹೇಳಿದರು: "ನೀರು ಜಾಸ್ತಿ ನಿಲ್ಲಲಿ ಅಂತ ಕೆಲವರು ಕೋಡಿಗೆ ಮರಳು ಮೂಟೆ ಒಡ್ಡುತ್ತಾರೆ. ಕೋಡಿ ಎತ್ತರ ಆದ್ರೆ ಏರಿ ಉಳಿಯಲ್ಲ ಕಣಮ್ಮ." ನಾವು ಪುಸ್ತಕದಲ್ಲಿ ಫ್ರೀಬೋರ್ಡ್ ಅಂತ ಓದಿದ್ದು ಇದೇ. ಕೋಡಿಗೂ ಏರಿಯ ತಲೆಗೂ ನಡುವೆ ಬಿಟ್ಟ ಎತ್ತರ ಮಳೆ ಜೋರಾದಾಗ ಬೇಕು. ಮಣ್ಣಿನ ಏರಿ ಮೇಲೆ ನೀರು ಹತ್ತಿ ಹರಿಯಿತು ಅಂದರೆ ಕೊಚ್ಚಿಕೊಂಡು ಹೋಗಲು ಹೆಚ್ಚು ಹೊತ್ತು ಬೇಡ.

ಲೆಕ್ಕವೂ ಅಜ್ಜನ ಕಡೆಗೇ ಇದೆ. ಕೋಡಿ ಮೇಲೆ ನೀರಿನ ಎತ್ತರ ಎರಡು ಪಟ್ಟಾದರೆ ಹೊರಹೋಗುವ ನೀರು ಸುಮಾರು 2.8 ಪಟ್ಟಾಗುತ್ತದೆ. ಆ ಎತ್ತರಕ್ಕೆ ಜಾಗವನ್ನೇ ಬಿಡದಿದ್ದರೆ ಕೋಡಿ ಇದ್ದೂ ಏನು ಪ್ರಯೋಜನ ಹೇಳಿ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಹೈಡ್ರಾಲಿಕ್ಸ್ ಸರ್ ಇದೇ ಸೂತ್ರ ಮತ್ತೆ ಬೋರ್ಡಿಗೆ ತಂದರು. ಒಂದು ಗೇಟ್ ಹೋದರೆ ಉಳಿದ ಗೇಟುಗಳನ್ನೂ ಯಾಕೆ ತೆಗೆದರು ಅಂತ ಕೇಳಿದರು. ನೀರಿನ ಮಟ್ಟ ಇಳಿದರೆ, ಮುರಿದ ಜಾಗದಲ್ಲಿ ನುಗ್ಗುವ ನೀರು ಅದಕ್ಕಿಂತ ಬೇಗ ಇಳಿಯುತ್ತದೆ, ಅದಕ್ಕೆ. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗ ತಾತ್ಕಾಲಿಕವಾಗಿ ಮುಚ್ಚುವ ಉಕ್ಕಿನ ಹಲಗೆ) ಇಳಿಸಿದ್ದನ್ನು ನಾವೆಲ್ಲ ಫೋನಿನಲ್ಲಿ ನೋಡಿದೆವು. ಆ ವಾರ ಕ್ಲಾಸಿನಲ್ಲಿ ಯಾರೂ ತೂಕಡಿಸಲಿಲ್ಲ.

ಒಂದು ದೂರು ಇದೆ, ಕಾಲೇಜಿನ ಮೇಲಲ್ಲ, ಸಿಲಬಸ್ ಮೇಲೆ. ಕೂಲಿಯವರ ಸುರಕ್ಷತೆಗೆ ಇನ್ನೂ ಜಾಸ್ತಿ ಪಾಠ ಬೇಕಿತ್ತು. ಬೀಮ್ ಡಿಸೈನ್ ಮಾಡಲು ಬರುವವರಿಗೆ ಸಾರುವೆ ಕಟ್ಟಿದ್ದು ಸರಿಯಿದೆಯಾ ಅಂತ ನೋಡಲೂ ಬರಬೇಕು ಅಲ್ವಾ?

ಇನ್ನು ನನ್ನ ಬ್ಯಾಚಿನವರು. ಡಿಪ್ಲೊಮಾದಿಂದ ಬಂದ ನಮಗೆ ಮ್ಯಾಥ್ಸ್ ಅಂದರೆ ನಡುಕ. ಕ್ಲಾಸ್ ಮುಗಿದ ಮೇಲೂ ಬಸ್ ಸ್ಟಾಪಿನಲ್ಲಿ ನಿಲ್ಲಿಸಿಕೊಂಡು ಲಾಪ್ಲಾಸ್ ಹೇಳಿಕೊಟ್ಟ ಗೆಳತಿಗೆ ನಾನು ಸುಮ್ನೆ ಥ್ಯಾಂಕ್ಸ್ ಅಂದರೆ ಸಾಲದು, ಊಟ ಬಾಕಿ ಇದೆ. ಬೇಗ ಡೇಟ್ ಹೇಳು.

ಸಂಜೆ ಬ್ಯಾಚಿಗೆ ಈ ವರ್ಷ ಸೇರುತ್ತಿರುವವರೇ, ನನ್ನ ಹತ್ತಿರ ಡ್ರಾಫ್ಟರ್, ಸ್ಟೀಲ್ ಟೇಬಲ್, ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಪ್ರತಿ, ಎಲ್ಲ ಸೆಮಿಸ್ಟರ್ ನೋಟ್ಸ್ ಇವೆ. ಬೇಕಾದವರು ಮೆಸೇಜ್ ಮಾಡಿ, ಭಾನುವಾರ ಮನೆಗೆ ಬಂದು ತೆಗೆದುಕೊಂಡು ಹೋಗಿ. ಐಎಸ್ 456ರ ಮೇಲೆ ಮಗಳು ಕ್ರೇಯಾನಿನಲ್ಲಿ ಗೀಚಿದ್ದಾಳೆ. ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವ ಭಾಗ ಮಾತ್ರ ಓದಲು ಬರುತ್ತದೆ: ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟಿಗೆ 10.