ಲೋರ್ನಾ ಹಾಡುಗಳ ಜೊತೆ ಕ್ರಿಸ್ ಪೆರಿ ಹೆಸರೂ ಇರಲಿ

ಮಾನ್ಯ ಸಂಪಾದಕರೆ,

ಕಳೆದ ವಾರದ ಪುರವಣಿಯಲ್ಲಿ ಹಳೆಯ ಕೊಂಕಣಿ ಹಾಡುಗಳ ಕುರಿತು ಬಂದ ಲೇಖನ ಗಾಯಕಿ ಲೋರ್ನಾ ಅವರ ಬಗ್ಗೆ ಹೇಳಿದ್ದೆಲ್ಲ ಸರಿಯೇ. ಆದರೆ ಅವರಿಗಾಗಿ ಹಾಡು ಬರೆದು, ಧಾಟಿ ಕಟ್ಟಿ, ಯಾವ ವಾದ್ಯ ಎಲ್ಲಿ ನುಡಿಯಬೇಕೆಂದು ಗೊತ್ತುಮಾಡಿದ ಕ್ರಿಸ್ ಪೆರಿಯವರನ್ನು ‘ಟ್ರಂಪೆಟ್ ವಾದಕ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದು ಸರಿಕಾಣಲಿಲ್ಲ.

1928ರಲ್ಲಿ ಗೋವೆಯ ಮಡಗಾಂವಿನ ಬೋರ್ಡಾದಲ್ಲಿ ಹುಟ್ಟಿದ ಪೆರಿ ಟ್ರಂಪೆಟ್, ಸ್ಯಾಕ್ಸೊಫೋನ್ ಎರಡನ್ನೂ ನುಡಿಸುತ್ತಿದ್ದರು. ಇದು ಸಣ್ಣ ಮಾತಲ್ಲ. ಟ್ರಂಪೆಟಿನಲ್ಲಿ ನಾದ ಹುಟ್ಟುವುದು ಬಟ್ಟಲಿನಾಕಾರದ ಮುಖಕ್ಕೆ ಒತ್ತಿಹಿಡಿದ ತುಟಿಗಳ ಕಂಪನದಿಂದ. ನಮ್ಮ ಕದ್ರಿ ಗೋಪಾಲನಾಥರಿಂದಾಗಿ ಕನ್ನಡಿಗರಿಗೆ ಪರಿಚಿತವಾದ ಸ್ಯಾಕ್ಸೊಫೋನಿನಲ್ಲಾದರೋ ಕಂಪಿಸುವುದು ತುಟಿಯಲ್ಲ, ರೀಡ್ ಎಂಬ ತೆಳುವಾದ ಪಟ್ಟಿ. ಒಂದಕ್ಕೆ ಪಳಗಿದ ತುಟಿ ಇನ್ನೊಂದಕ್ಕೆ ಸುಲಭವಾಗಿ ಒಗ್ಗದ ಕಾರಣ ಹೆಚ್ಚಿನವರು ಒಂದೇ ವಾದ್ಯಕ್ಕೆ ಅಂಟಿಕೊಳ್ಳುತ್ತಾರೆ.

ಪೋರ್ಚುಗೀಸರ ಕಾಲದಲ್ಲಿ ಗೋವೆಯ ಚರ್ಚ್ ಶಾಲೆಗಳು ಮಕ್ಕಳಿಗೆ ಸ್ವರಲಿಪಿ ಓದಲು ಕಲಿಸುತ್ತಿದ್ದವು. ಆ ಓದಿನ ಬಲದಿಂದಲೇ ಗೋವೆಯ ವಾದಕರು ಮುಂಬೈಯ ಹೋಟೆಲುಗಳ ಜಾಝ್ ತಂಡಗಳಿಗೂ ಹಿಂದಿ ಚಿತ್ರಗಳ ಧ್ವನಿಮುದ್ರಣಕ್ಕೂ ಅನಿವಾರ್ಯರಾದರು. ಸಂಗೀತ ನಿರ್ದೇಶಕರು ಗುನುಗಿದ ಧಾಟಿಯನ್ನು ಹಾಳೆಗಿಳಿಸಿ ವಾದ್ಯಗಳಿಗೆ ಹಂಚುತ್ತಿದ್ದವರಲ್ಲಿ ಬಹಳಷ್ಟು ಮಂದಿ ಇವರೇ, ತೆರೆಯ ಮೇಲೆ ಹೆಸರು ಮಾತ್ರ ಅಪರೂಪ. ಪೆರಿಯವರೂ ಆ ಸ್ಟುಡಿಯೊಗಳಲ್ಲಿ ದುಡಿದವರು; ಚರ್ಚ್‌ಗೇಟ್ ಬಳಿಯ ಆಸ್ಟೋರಿಯಾ ಹೋಟೆಲಿನ ವೆನಿಸ್ ನೈಟ್‌ಕ್ಲಬ್ಬಿನಲ್ಲಾದರೋ ಅವರದೇ ತಂಡ, ಅವರದೇ ಹೆಸರು.

ಅಲ್ಲಿ ಇಂಗ್ಲಿಷ್ ಹಾಡುಗಳಿಗೆ ಸಲ್ಲುತ್ತಿದ್ದ ಹಿತ್ತಾಳೆ ವಾದ್ಯಗಳ ಗತ್ತನ್ನು, ಚಾ-ಚಾ-ಚಾ ಎಂಬ ಕ್ಯೂಬಾದ ಕುಣಿತದ ಲಯವನ್ನು ಅವರು ಮನೆಮಾತಿನ ಕೊಂಕಣಿಗೆ ಒಗ್ಗಿಸಿದರು. 1971ರಲ್ಲಿ ಲೋರ್ನಾ ಹಾಡಿದ ‘ಬೆಬ್ದೊ’, ಅಂದರೆ ಕುಡುಕ, ಇಂದಿಗೂ ಜನರ ಬಾಯಲ್ಲಿದೆ. ಕೊಂಕಣಿಯ ಮೊದಲ ವರ್ಣ ಚಲನಚಿತ್ರ ‘ಭುಯಾರಾಂತ್ಲೊ ಮುನಿಸ್’ಗೆ (1977) ಸಂಗೀತ ಕೊಟ್ಟವರೂ ಪೆರಿಯವರೇ. ಆಮೇಲೆ ದುಬೈಯಲ್ಲಿ ಸಂಗೀತ ಶಾಲೆ ನಡೆಸಿದರು, 2002ರಲ್ಲಿ ತೀರಿಕೊಂಡರು.

ಸಾಂತಾಕ್ರೂಜ್, ಕುರ್ಲಾಗಳಲ್ಲಿ ನಮ್ಮ ಮಂಗಳೂರು ಕಡೆಯವರ ಮದುವೆಗಳಲ್ಲಿ ಬ್ಯಾಂಡಿನವರನ್ನು ಕೇಳುವಾಗ ನಾವೆಲ್ಲ ‘ಲೋರ್ನಾ ಹಾಡು’ ಎಂದೇ ಕೇಳುತ್ತೇವೆ, ನಾನೂ ಹೊರತಲ್ಲ. ಮದುವೆ ಚಪ್ಪರದಲ್ಲಿ ಅಷ್ಟು ಸಾಕು. ಪತ್ರಿಕೆಯಲ್ಲಿ ಮಾತ್ರ ಮುಂದೆ ಈ ಗೀತೆಗಳ ಸಾಲು ಅಚ್ಚಾಗುವಾಗ ಗಾಯಕಿಯ ಹೆಸರಿನ ಜೊತೆ ರಚನೆ, ಸಂಗೀತ ಎರಡಕ್ಕೂ ಕ್ರಿಸ್ ಪೆರಿಯವರ ಹೆಸರನ್ನು ನಮೂದಿಸಬೇಕೆಂದು ವಿನಂತಿ.

– ಓರ್ವ ಓದುಗ, ಸಾಂತಾಕ್ರೂಜ್, ಮುಂಬೈ